ಕಳೆದುಹೋಗಬಹುದಾಗಿದ್ದ ಪುಸ್ತಕಗಳು: ಸ್ಪ್ಯಾನಿಷ್ ಸಾಹಿತ್ಯದ ತರಗತಿಯಲ್ಲಿ ‘ಎಲ್ ಮಿನಿಸ್ತೇರಿಯೊ ದೆಲ್ ತಿಯೆಂಪೊ’

ಸ್ಪೇನಿನ ಸಾರ್ವಜನಿಕ ಟೆಲಿವಿಷನ್ ಸಂಸ್ಥೆ ಆರ್‌ಟಿವಿಇ 2015ರ ಫೆಬ್ರವರಿ 24ರಂದು ತನ್ನ ಮೊದಲ ವಾಹಿನಿಯಲ್ಲಿ ಆರಂಭಿಸಿದ ‘ಎಲ್ ಮಿನಿಸ್ತೇರಿಯೊ ದೆಲ್ ತಿಯೆಂಪೊ’, ಅಂದರೆ ‘ಕಾಲದ ಸಚಿವಾಲಯ’ ಎಂಬ ಧಾರಾವಾಹಿಯ ಕಲ್ಪನೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ಸ್ಪೇನಿನ ಸರ್ಕಾರದಲ್ಲಿ ಹೊರಗಿನ ಯಾರಿಗೂ ತಿಳಿಯದ ಒಂದು ಸಚಿವಾಲಯವಿದೆ. ಅದರ ನೆಲದಡಿಯಲ್ಲಿ ಸುತ್ತಿಕೊಂಡು ಇಳಿಯುವ ಮೆಟ್ಟಿಲುಗಳ ಉದ್ದಕ್ಕೂ ಇರುವ ಬಾಗಿಲುಗಳು ಆ ದೇಶದ ಗತಕಾಲದ ಬೇರೆ ಬೇರೆ ವರ್ಷಗಳಿಗೆ ತೆರೆದುಕೊಳ್ಳುತ್ತವೆ. ಗತವನ್ನು ತಮ್ಮ ಲಾಭಕ್ಕೆ ತಿದ್ದಲು ಹೊರಟವರನ್ನು ತಡೆದು, ನಡೆದದ್ದು ನಡೆದಂತೆಯೇ ಉಳಿಯುವ ಹಾಗೆ ನೋಡಿಕೊಳ್ಳುವುದು ಅಲ್ಲಿನ ನೌಕರರ ಕೆಲಸ. ಹಾಬಿಯೆರ್ ಮತ್ತು ಪಾಬ್ಲೊ ಒಲಿವಾರೆಸ್ ಎಂಬ ಸಹೋದರರು ಇದನ್ನು ರೂಪಿಸಿದರು. ಮೊದಲ ಕಂತು ಪ್ರಸಾರವಾಗುವ ಮುನ್ನವೇ, 2014ರಲ್ಲಿ, ಪಾಬ್ಲೊ ತೀರಿಕೊಂಡರು. 2020ರವರೆಗೆ ನಾಲ್ಕು ಆವೃತ್ತಿಗಳಲ್ಲಿ 42 ಕಂತುಗಳು ಬಂದವು. ಅದರ ಅಭಿಮಾನಿಗಳಿಗೆ ಸ್ಪೇನಿನಲ್ಲಿ ‘ಮಿನಿಸ್ತೇರಿಕೋಸ್’ ಎಂಬ ಹೆಸರೇ ಬಿದ್ದಿದೆ.

ಧಾರಾವಾಹಿಯನ್ನು ಮನರಂಜನೆಯಾಗಿ ತೂಗಿದ ಬರಹಗಳು ಬೇಕಾದಷ್ಟಿವೆ. ವಯಸ್ಕರಿಗೆ ಸ್ಪ್ಯಾನಿಷ್ ಕಲಿಸುವ ನಾನು ಇಲ್ಲಿ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಹದಿನಾರನೆಯ ಮತ್ತು ಹದಿನೇಳನೆಯ ಶತಮಾನದ ಪಠ್ಯವೊಂದರ ಮುಂದೆ ವಿದ್ಯಾರ್ಥಿಯನ್ನು ಕೂರಿಸಲು ಈ ಧಾರಾವಾಹಿ ನಿಜವಾಗಿ ನೆರವಾಗುತ್ತದೆಯೇ, ನೆರವಾಗುವುದಾದರೆ ಯಾವ ಕಂತು, ಯಾವ ಪುಟದ ಜೊತೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಸಾಹಿತ್ಯವನ್ನು ಕಲಿಸುವುದಿಲ್ಲ. ಆದರೆ ಒಂದು ಕೃತಿ ಇಲ್ಲದೆಯೂ ಹೋಗಬಹುದಾಗಿತ್ತು ಎಂಬ ಆತಂಕವನ್ನು ಇದರಷ್ಟು ಗಟ್ಟಿಯಾಗಿ ಮನಸ್ಸಿಗೆ ತಟ್ಟಿಸುವ ಬೇರೆ ಜನಪ್ರಿಯ ಮಾಧ್ಯಮ ಕೃತಿ ನನಗೆ ಗೊತ್ತಿಲ್ಲ, ಮತ್ತು ಆ ಆತಂಕವಿದ್ದಾಗ ಮಾತ್ರ ಹಳೆಯ ಪಠ್ಯವನ್ನು ಓದುವ ಶ್ರಮಕ್ಕೆ ಅರ್ಥ ಬರುತ್ತದೆ.

ಕಥೆಯ ಮೂವರು ಮುಖ್ಯ ಪಾತ್ರಗಳ ಆಯ್ಕೆಯಲ್ಲಿಯೇ ಒಂದು ಬೋಧನಕ್ರಮ ಅಡಗಿದೆ. ಹೂಲಿಯಾನ್ ಇಂದಿನ ಮ್ಯಾಡ್ರಿಡ್‌ನ ತುರ್ತು ವೈದ್ಯಕೀಯ ಸೇವೆಯ ಸಿಬ್ಬಂದಿ; ಶಾಲೆಯಲ್ಲಿ ಕೇಳಿದ ಹೆಸರುಗಳು ಅವನಿಗೆ ಅರ್ಧಂಬರ್ಧ ನೆನಪಿವೆ. ಅಮೇಲಿಯಾ ಫೋಲ್ಕ್ 1880ರ ಬಾರ್ಸೆಲೋನಾದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಯುವತಿ. ಸ್ಪೇನಿನಲ್ಲಿ ಮಹಿಳೆಯರು ಯಾರ ವಿಶೇಷ ಅನುಮತಿಯೂ ಇಲ್ಲದೆ ವಿಶ್ವವಿದ್ಯಾಲಯ ಸೇರಬಹುದೆಂಬ ಆದೇಶ ಹೊರಬಿದ್ದದ್ದು 1910ರಲ್ಲಿ ಎಂಬುದನ್ನು ನೆನೆದರೆ ಆ ಪಾತ್ರದ ಧೈರ್ಯ ತಿಳಿಯುತ್ತದೆ. ಅಲೋನ್ಸೊ ದೆ ಎಂತ್ರೆರ್ರೀಯೋಸ್ ಫ್ಲಾಂಡರ್ಸ್ ಯುದ್ಧಗಳಲ್ಲಿ ಕಾದಿದ ಹದಿನಾರನೆಯ ಶತಮಾನದ ಸೈನಿಕ. ಒಬ್ಬ ಏನೂ ಓದಿಲ್ಲ, ಒಬ್ಬಳು ಎಲ್ಲವನ್ನೂ ಓದಿದ್ದಾಳೆ, ಇನ್ನೊಬ್ಬನಿಗೆ ಆ ಪುಸ್ತಕಗಳು ಹುಟ್ಟಿದ ಲೋಕವೇ ಸ್ವಂತ ಲೋಕ. ತರಗತಿಯಲ್ಲಿ ಕುಳಿತ ವಿದ್ಯಾರ್ಥಿ ಹೂಲಿಯಾನ್‌ನ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಾನೆ, ಅಮೇಲಿಯಾ ವಿವರಿಸುತ್ತಾಳೆ, ಅಲೋನ್ಸೊ ಆ ವಿವರಣೆ ಬದುಕಿಗೆ ಎಲ್ಲಿ ಹೊಂದುವುದಿಲ್ಲ ಎಂಬುದನ್ನು ತೋರಿಸುತ್ತಾನೆ. ಅಲೋನ್ಸೊನ ಹಳೆಯ ಕಾಲದ ಮಾತಿನ ಧಾಟಿಯಂತೂ ‘ಡಾನ್ ಕ್ವಿಕ್ಸೋಟ್’ ಬರೆದ ಸೆರ್ವಾಂತೆಸ್‌ನ ಗದ್ಯಕ್ಕೆ ಕಿವಿಯನ್ನು ಹದಗೊಳಿಸುತ್ತದೆ. ಕನ್ನಡದ ಓದುಗರಿಗೆ ಇಲ್ಲಿ ಒಂದು ಸಮಾಧಾನದ ಮಾತು ಹೇಳಬೇಕು: ಪಂಪನ ಕನ್ನಡಕ್ಕೂ ನಮ್ಮ ಇಂದಿನ ಕನ್ನಡಕ್ಕೂ ಇರುವಷ್ಟು ದೂರ ಹದಿನಾರನೆಯ ಶತಮಾನದ ಸ್ಪ್ಯಾನಿಷ್‌ಗೂ ಇಂದಿನ ಸ್ಪ್ಯಾನಿಷ್‌ಗೂ ಇಲ್ಲ. ಮಧ್ಯಮ ಮಟ್ಟ ದಾಟಿದ ಕಲಿಕೆದಾರರು ಟಿಪ್ಪಣಿಗಳ ಸಹಾಯದಿಂದ ಮೂಲವನ್ನೇ ಓದಬಹುದು, ಆದ್ದರಿಂದ ಧಾರಾವಾಹಿಯನ್ನು ನೋಡಿ ಅಲ್ಲಿಗೇ ನಿಲ್ಲಿಸುವುದಕ್ಕೆ ಯಾವ ನೆಪವೂ ಇಲ್ಲ.

ಸಾಹಿತ್ಯವನ್ನೇ ವಸ್ತುವಾಗಿಸಿಕೊಂಡ ಕಂತುಗಳಲ್ಲಿ ನನ್ನ ಮೊದಲ ಆಯ್ಕೆ ಮೊದಲ ಆವೃತ್ತಿಯ ಆರನೆಯದು, ‘ತಿಯೆಂಪೊ ದೆ ಪೀಕಾರೋಸ್’. ಅದು 1520ರ ಸಲಾಮಾಂಕಾದಲ್ಲಿ ನಡೆಯುತ್ತದೆ. ಮರಣದಂಡನೆಗೆ ಗುರಿಯಾಗಿರುವ ಲಾಸಾರೊ ಎಂಬ ಹುಡುಗನನ್ನು ಉಳಿಸಬೇಕು, ಇಲ್ಲವಾದರೆ ಅವನ ಬಾಳಿನ ಕಥೆಯಾದ ‘ಲಾಸಾರಿಯೊ ದೆ ತೋರ್ಮೆಸ್’ ಎಂಬ ಕಾದಂಬರಿಯೇ ಹುಟ್ಟುವುದಿಲ್ಲ. ಇಂದಿನ ಸ್ಪೇನಿನ ಭ್ರಷ್ಟಾಚಾರವನ್ನು ಆ ಕಾಲದ ಹೊಟ್ಟೆಪಾಡಿನ ಕಪಟಗಳ ಪಕ್ಕದಲ್ಲಿಟ್ಟು ನೋಡುವುದು ಈ ಕಂತಿನ ದೊಡ್ಡ ಗುಣ, ಏಕೆಂದರೆ ಮೂಲ ಕೃತಿಯೂ ಮಾಡಿದ್ದು ಅದನ್ನೇ: ಹಸಿದವನ ಸಣ್ಣ ಕಳ್ಳತನಕ್ಕೂ ಉಂಡವರ ದೊಡ್ಡ ಕಳ್ಳತನಕ್ಕೂ ಸಮಾಜ ಬೇರೆ ಬೇರೆ ಬೆಲೆ ಕಟ್ಟುತ್ತದೆ ಎಂದು ತೋರಿಸಿದ್ದು.

ಆದರೆ ಕಂತಿಗೂ ಕೃತಿಗೂ ನಡುವೆ ಇರುವ ಬಿರುಕು ಬಹಳ ಮುಖ್ಯವಾದದ್ದು, ಮತ್ತು ಪಾಠ ಮಾಡಬೇಕಾದದ್ದು ಆ ಬಿರುಕಿನಲ್ಲಿಯೇ. ಧಾರಾವಾಹಿ ನಮಗೆ ಕೊಡುವುದು ಕಾಪಾಡಬೇಕಾದ ಒಬ್ಬ ಹುಡುಗನನ್ನು. ಪುಸ್ತಕ ಕೊಡುವುದು ಬೆಳೆದು ನಿಂತ ಒಬ್ಬ ಗಂಡಸನ್ನು. ತೊಲೆದೊ ನಗರದಲ್ಲಿ ಡಂಗುರ ಸಾರುವ ಕೆಲಸ ಹಿಡಿದಿರುವ, ತನ್ನ ಹೆಂಡತಿಗೂ ಊರಿನ ಹಿರಿಯ ಪಾದ್ರಿಗೂ ಇರುವ ಸಂಬಂಧದ ಬಗ್ಗೆ ಊರೆಲ್ಲ ಆಡಿಕೊಳ್ಳುತ್ತಿರುವಾಗ, ಹೆಸರು ಹೇಳದ ಒಬ್ಬ ‘ದೊರೆ’ಗೆ ಪತ್ರ ಬರೆದು ತನ್ನ ಬಾಳನ್ನೆಲ್ಲ ವಿವರಿಸಿ ಸಮರ್ಥಿಸಿಕೊಳ್ಳುವ ಲಾಸಾರೊನನ್ನು. ಮೊದಲ ಅಧ್ಯಾಯದಲ್ಲಿ ಕುರುಡ ಯಜಮಾನ ಸಲಾಮಾಂಕಾದ ಸೇತುವೆಯ ಬಳಿಯ ಕಲ್ಲಿನ ಗೂಳಿಗೆ ಹುಡುಗನ ತಲೆಯನ್ನು ಅಪ್ಪಳಿಸಿ ಎಚ್ಚರದ ಮೊದಲ ಪಾಠ ಕಲಿಸುವ ಪ್ರಸಂಗವನ್ನಾಗಲಿ, ದ್ರಾಕ್ಷಿ ಗೊಂಚಲನ್ನು ಹಂಚಿಕೊಂಡು ತಿನ್ನುವಾಗ ‘ನಾನು ಎರಡೆರಡು ತಿಂದಾಗಲೂ ನೀನು ಸುಮ್ಮನಿದ್ದೆ, ಹಾಗಾದರೆ ನೀನು ಮೂರು ಮೂರು ತಿನ್ನುತ್ತಿದ್ದೆ’ ಎಂದು ಕುರುಡ ಹಿಡಿದುಬಿಡುವ ಪ್ರಸಂಗವನ್ನಾಗಲಿ ಓದಿ ನಕ್ಕ ವಿದ್ಯಾರ್ಥಿ, ಏಳನೆಯ ಅಧ್ಯಾಯಕ್ಕೆ ಬಂದಾಗ ಬೆಚ್ಚಬೇಕು: ಅಲ್ಲಿ ಸುಮ್ಮನಿರುವವನು ಲಾಸಾರೊನೇ, ಮತ್ತು ಆ ಸುಮ್ಮನಿರುವಿಕೆಗೆ ಅವನಿಗೆ ಸಿಗುವ ಪ್ರತಿಫಲವನ್ನು ಅವನೇ ಸಂತೋಷದಿಂದ ಪಟ್ಟಿ ಮಾಡುತ್ತಾನೆ. ಈ ಕಹಿಯನ್ನು ಎಪ್ಪತ್ತು ನಿಮಿಷದ ಕಂತು ಹೊತ್ತುಕೊಂಡಿಲ್ಲ. ಹಾಗಾಗಿ ನಾನು ಕಂತನ್ನು ಮೊದಲು ತೋರಿಸಿ, ಆಮೇಲೆ ಮೊದಲ ಮತ್ತು ಏಳನೆಯ ಅಧ್ಯಾಯಗಳನ್ನು ಮಾತ್ರ ಓದಿಸಿ, ಉಳಿಸಲ್ಪಟ್ಟ ಆ ಹುಡುಗ ಮುಂದೆ ಏನಾದ ಎಂಬ ಪ್ರಶ್ನೆಗೆ ಬರೆದು ಉತ್ತರಿಸುವಂತೆ ಹೇಳುತ್ತೇನೆ. ಪಠ್ಯದಿಂದ ಸಾಲುಗಳನ್ನು ಎತ್ತಿ ತೋರಿಸದೆ ಆ ಪ್ರಶ್ನೆಗೆ ಉತ್ತರ ಬರೆಯಲು ಸಾಧ್ಯವೇ ಇಲ್ಲ.

ಇದಕ್ಕೆ ಜೊತೆಯಾಗಿ ಸಚಿವಾಲಯಕ್ಕೆ ಒಂದು ವರದಿ ಬರೆಯುವ ಅಭ್ಯಾಸವೂ ಚೆನ್ನಾಗಿ ಫಲಿಸುತ್ತದೆ: ಈ ಕೃತಿ ಇಲ್ಲವಾದರೆ ಇನ್ನೇನೇನು ಇಲ್ಲವಾಗುತ್ತದೆ? ಮಾತೆಯೊ ಅಲೆಮಾನ್‌ನ ‘ಗುಸ್ಮಾನ್ ದೆ ಅಲ್ಫಾರಾಚೆ’ಯ ಮೊದಲ ಭಾಗ 1599ರದು, ಕೆವೆದೊನ ‘ಬುಸ್ಕೋನ್’ ಅಚ್ಚಾದದ್ದು 1626ರಲ್ಲಿ. ಎರಡೂ ಈ ಬೇರಿನಿಂದ ಒಡೆದ ಟಿಸಿಲುಗಳು. ನಮ್ಮಲ್ಲಿ ಡಾನ್ ಕ್ವಿಕ್ಸೋಟ್ ಎಂದು ಪರಿಚಿತವಾದ ‘ದೋನ್ ಕಿಹೋತೆ’ಯ ಮೊದಲ ಭಾಗದ 22ನೆಯ ಅಧ್ಯಾಯದಲ್ಲಿ ಹೀನೆಸ್ ದೆ ಪಸಾಮೋಂತೆ ಎಂಬ ಕೈದಿ ತನ್ನ ಆತ್ಮಕಥೆ ಹೊರಬಂದರೆ ಲಾಸಾರಿಯೊಗೆ ಉಳಿಗಾಲವಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಾನೆ. ಒಂದು ಪುಸ್ತಕವನ್ನು ಎಳೆದರೆ ಇಷ್ಟೊಂದು ಪುಸ್ತಕಗಳು ಅಲುಗಾಡುತ್ತವೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಹುಡುಕಿ ಕಂಡುಕೊಂಡಾಗ, ಸಾಹಿತ್ಯ ಚರಿತ್ರೆ ಎಂಬುದು ಇಸವಿಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ವಾಸ್ತವದಲ್ಲಿ ‘ಲಾಸಾರಿಯೊ’ ಕೃತಿಯ ಬದುಕು ಈ ಕಂತಿಗಿಂತಲೂ ರೋಚಕವಾದದ್ದು, ಮತ್ತು ಅದನ್ನು ಧಾರಾವಾಹಿ ಬಳಸಿಕೊಳ್ಳದೆ ಹೋದದ್ದು ನನಗೆ ನಿಜವಾದ ಬೇಸರ. ಕರ್ತೃವಿನ ಹೆಸರಿಲ್ಲದ ಈ ಪುಸ್ತಕದ ಲಭ್ಯವಿರುವ ಅತ್ಯಂತ ಹಳೆಯ ಮುದ್ರಣಗಳು ನಾಲ್ಕು. ಎಲ್ಲವೂ 1554ರವು, ಬುರ್ಗೋಸ್, ಅಲ್ಕಲಾ, ಆಂಟ್‌ವರ್ಪ್ ಮತ್ತು ಮೆದೀನಾ ದೆಲ್ ಕಾಂಪೊ ಎಂಬ ನಾಲ್ಕು ಊರುಗಳವು. 1559ರಲ್ಲಿ ಧರ್ಮವಿಚಾರಣಾ ಮಂಡಳಿಯ ನಿಷೇಧಿತ ಪುಸ್ತಕಗಳ ಪಟ್ಟಿಗೆ ಅದು ಸೇರಿತು. 1573ರಲ್ಲಿ ಕತ್ತರಿ ಹಾಕಿದ ರೂಪದಲ್ಲಿ ಮತ್ತೆ ಬಂತು. ಮೆದೀನಾ ದೆಲ್ ಕಾಂಪೊ ಮುದ್ರಣವೊಂದಿತ್ತು ಎಂಬುದು ಲೋಕಕ್ಕೆ ತಿಳಿದದ್ದು, 1992ರಲ್ಲಿ ಬಾರ್ಕಾರೋತಾ ಎಂಬ ಊರಿನ ಹಳೆಯ ಮನೆಯೊಂದರ ದುರಸ್ತಿಯ ವೇಳೆ ಗೋಡೆಯೊಳಗೆ ಅಡಗಿಸಿಟ್ಟಿದ್ದ ಪುಸ್ತಕಗಳ ನಡುವೆ ಅದರ ಪ್ರತಿ ಸಿಕ್ಕಿದ್ದರಿಂದ. ಯಾರೋ ಒಬ್ಬ ಓದುಗ ಸುಡುವುದಕ್ಕೆ ಮನಸ್ಸು ಬಾರದೆ, ಇಟ್ಟುಕೊಳ್ಳುವುದಕ್ಕೆ ಧೈರ್ಯ ಸಾಲದೆ, ಗೋಡೆಗೆ ಒಪ್ಪಿಸಿದ ಪುಸ್ತಕ ನಾಲ್ಕು ಶತಮಾನಗಳ ನಂತರ ಹೊರಬಂದಿತು. ಕಂತು ಮುಗಿದ ಕೂಡಲೇ ಈ ಸಂಗತಿಯನ್ನು ಹೇಳಿದರೆ ತರಗತಿಯಲ್ಲಿ ಉಂಟಾಗುವ ಮೌನ, ಯಾವ ಕಾಲಯಾನದ ದೃಶ್ಯವೂ ತರಲಾರದಂಥದ್ದು.

ಎರಡನೆಯ ಆವೃತ್ತಿಯ ‘ತಿಯೆಂಪೊ ದೆ ಇದಾಲ್ಗೋಸ್’ ಕಂತು ಸೆರ್ವಾಂತೆಸ್‌ಗೆ ಮೀಸಲು. 1604ರಲ್ಲಿ ಅವನಿಗೆ ಬೇಕಾಗಿರುವುದು ರಂಗಭೂಮಿಯ ಯಶಸ್ಸು. ಅಲ್ಜೀರ್ಸ್‌ನ ಸೆರೆಯ ಬದುಕನ್ನು ಕುರಿತ ತನ್ನ ನಾಟಕ ‘ಲೋಸ್ ಬಾನ್ಯೋಸ್ ದೆ ಅರ್ಹೆಲ್’ ರಂಗವೇರುವುದಾದರೆ ‘ಕಿಹೋತೆ’ಯ ಹಸ್ತಪ್ರತಿಯನ್ನು ಕೈಬಿಡಲೂ ಅವನು ಸಿದ್ಧ. ಕಥೆ ಕಲ್ಪಿತ, ಆದರೆ ಅದರ ಬುಡದಲ್ಲಿರುವ ನೋವು ದಾಖಲಾದದ್ದು. ಸೆರ್ವಾಂತೆಸ್ 1571ರ ಲೆಪಾಂಟೊ ಕಾಳಗದಲ್ಲಿ ಗಾಯಗೊಂಡು ಎಡಗೈಯ ಬಳಕೆ ಕಳೆದುಕೊಂಡವನು, 1575ರಿಂದ 1580ರವರೆಗೆ ಅಲ್ಜೀರ್ಸ್‌ನಲ್ಲಿ ಸೆರೆಯಲ್ಲಿದ್ದವನು. ನಾಟಕಗಳಿಗೆ ರಂಗ ಸಿಗದೆ ಕೊನೆಗೆ 1615ರಲ್ಲಿ ಎಂಟು ನಾಟಕಗಳನ್ನೂ ಎಂಟು ಕಿರುನಾಟಕಗಳನ್ನೂ ಪುಸ್ತಕವಾಗಿಯೇ ಅಚ್ಚು ಹಾಕಿಸಿದ. ಅವು ಎಂದೂ ಆಡಲ್ಪಡದವು ಎಂಬುದನ್ನು ಶೀರ್ಷಿಕೆಯಲ್ಲಿಯೇ ಹೇಳಿಕೊಂಡ. ಆ ಪುಸ್ತಕದ ಮುನ್ನುಡಿಯಲ್ಲಿ ಲೋಪೆ ದೆ ವೆಗಾ ಬಂದು ನಾಟಕ ಸಾಮ್ರಾಜ್ಯವನ್ನೇ ಗೆದ್ದುಕೊಂಡ ಬಗೆಯನ್ನು ಅವನು ಬರೆದಿರುವ ರೀತಿಯಲ್ಲಿ ಮೆಚ್ಚುಗೆಯೂ ಸೋಲಿನ ಅರಿವೂ ಒಟ್ಟಿಗೆ ಇವೆ. ಲೋಪೆಯ ಕಡೆಯಿಂದ ಅಷ್ಟು ಔದಾರ್ಯವಿರಲಿಲ್ಲ: 1604ರ ಆಗಸ್ಟ್ ತಿಂಗಳ ಒಂದು ಪತ್ರದಲ್ಲಿ ಅವನು, ಕವಿಗಳಲ್ಲಿ ಸೆರ್ವಾಂತೆಸ್‌ನಷ್ಟು ಕೆಟ್ಟವನಿಲ್ಲ, ‘ದೋನ್ ಕಿಹೋತೆ’ಯನ್ನು ಹೊಗಳುವಷ್ಟು ಮೂರ್ಖನೂ ಯಾರಿಲ್ಲ ಎಂದು ಬರೆದಿದ್ದಾನೆ. ಪುಸ್ತಕಕ್ಕೆ ರಾಜಾನುಮತಿ ದೊರೆತದ್ದು ಆ ಸೆಪ್ಟೆಂಬರ್‌ನಲ್ಲಿ, ಮಾರಾಟಕ್ಕೆ ಬಂದದ್ದು 1605ರ ಆರಂಭದಲ್ಲಿ. ಅಂದರೆ ಪುಸ್ತಕ ಅಚ್ಚಾಗುವ ಮೊದಲೇ ಅದರ ಸುದ್ದಿ ಹರಡಿತ್ತು ಎಂದಾಯಿತು, ಮತ್ತು ಕಂತಿನ ಕಥೆ ನಿಂತಿರುವುದು ಸರಿಯಾಗಿ ಈ ಸಂದಿನಲ್ಲಿ.

ಈ ಕಂತಿನ ಜೊತೆ ಎಲ್ಲರೂ ಓದಿಸುವುದು ಗಾಳಿಗಿರಣಿಗಳ ಅಧ್ಯಾಯವನ್ನು, ಅಂದರೆ ಎಂಟನೆಯದನ್ನು. ನಾನು ಒತ್ತಾಯಪೂರ್ವಕವಾಗಿ ಸೂಚಿಸುವುದು ಒಂಬತ್ತನೆಯದನ್ನು. ಎಂಟನೆಯ ಅಧ್ಯಾಯದ ಕೊನೆಯಲ್ಲಿ ದೋನ್ ಕಿಹೋತೆ ಮತ್ತು ಬಿಸ್ಕಾಯ ಪ್ರಾಂತದವನೊಬ್ಬ ಕತ್ತಿ ಎತ್ತಿ ನಿಂತಿರುವಾಗಲೇ ಕಥೆ ತುಂಡಾಗುತ್ತದೆ. ಮುಂದಿನ ಭಾಗ ಸಿಗಲಿಲ್ಲ ಎನ್ನುತ್ತಾನೆ ನಿರೂಪಕ. ಒಂಬತ್ತರಲ್ಲಿ ಅವನು ತೊಲೆದೊದ ಪೇಟೆಯಲ್ಲಿ ಅಡ್ಡಾಡುವಾಗ ಒಬ್ಬ ಹುಡುಗ ಹಳೆಯ ಕಾಗದಗಳನ್ನು ರೇಷ್ಮೆ ವ್ಯಾಪಾರಿಗೆ ಮಾರಲು ತಂದಿರುತ್ತಾನೆ. ಅರಬ್ಬಿಯಲ್ಲಿರುವ ಆ ಕಟ್ಟನ್ನು ನಿರೂಪಕ ಅರ್ಧ ರಿಯಾಲಿಗೆ ಕೊಳ್ಳುತ್ತಾನೆ. ಎರಡು ಅರೋಬಾ ಒಣದ್ರಾಕ್ಷಿ ಮತ್ತು ಎರಡು ಫನೇಗಾ ಗೋಧಿಯ ಕೂಲಿಗೆ ಒಪ್ಪಿದ ಮೊರಿಸ್ಕೊ (ಕ್ರೈಸ್ತ ಮತಕ್ಕೆ ಸೇರಿದ ಮುಸ್ಲಿಂ ವಂಶದವನು) ಒಬ್ಬ ಅದನ್ನು ಒಂದೂವರೆ ತಿಂಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ ಅನುವಾದಿಸಿಕೊಡುತ್ತಾನೆ. ಅದೇ ಸೀದೆ ಆಮೆತೆ ಬೆನೆಂಗೇಲಿ ಎಂಬ ಚರಿತ್ರಕಾರ ಬರೆದ ದೋನ್ ಕಿಹೋತೆಯ ಕಥೆ! ಹಸ್ತಪ್ರತಿ ಕಳೆದುಹೋಗುವುದು, ರದ್ದಿಗೆ ಬೀಳುವುದು, ಅದೃಷ್ಟವಶಾತ್ ಒಬ್ಬ ಓದುಗನ ಕೈಗೆ ಸಿಕ್ಕಿ ಉಳಿಯುವುದು, ಇವೆಲ್ಲವನ್ನೂ ಸೆರ್ವಾಂತೆಸ್ ತಾನೇ ಕಾದಂಬರಿಯೊಳಗೆ ಕಥೆಯಾಗಿಸಿದ್ದಾನೆ. ಸಚಿವಾಲಯದ ಗುಪ್ತಚರರು ನಾನೂರು ವರ್ಷ ದಾಟಿ ಬಂದು ಮಾಡುವ ಕೆಲಸವನ್ನು ಈ ಅಧ್ಯಾಯದಲ್ಲಿ ಒಬ್ಬ ಸಾಮಾನ್ಯ ಓದುಗ ಅರ್ಧ ರಿಯಾಲು ಕೊಟ್ಟು ಮಾಡಿ ಮುಗಿಸುತ್ತಾನೆ. ಕಂತನ್ನು ನೋಡಿ ಬಂದವರು ಈ ಅಧ್ಯಾಯವನ್ನು ಓದಿದಾಗ, ಆಧುನಿಕ ಕಾದಂಬರಿ ಇಲ್ಲಿಂದ ಶುರುವಾಯಿತು ಎಂದು ವಿಮರ್ಶಕರು ಏಕೆ ಹೇಳುತ್ತಾರೆ ಎಂಬುದನ್ನು ಉಪನ್ಯಾಸವಿಲ್ಲದೆಯೇ ಗ್ರಹಿಸುತ್ತಾರೆ. ಇಡೀ ಧಾರಾವಾಹಿಯಲ್ಲಿ ಪಠ್ಯದೊಡನೆ ಇಷ್ಟು ಚೆನ್ನಾಗಿ ಕೂಡಿಕೊಳ್ಳುವ ಕಂತು ಬೇರೊಂದಿಲ್ಲ.

ಲೋಪೆ ದೆ ವೆಗಾನ ವಿಷಯಕ್ಕೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ಮೊದಲ ಆವೃತ್ತಿಯ ಎರಡನೆಯ ಕಂತು ‘ತಿಯೆಂಪೊ ದೆ ಗ್ಲೋರಿಯಾ’ 1588ರ ಲಿಸ್ಬನ್‌ನಲ್ಲಿ ನಡೆಯುತ್ತದೆ. ಇಂಗ್ಲೆಂಡಿನ ಮೇಲೆ ಹೊರಟ ಮಹಾ ನೌಕಾಪಡೆಯಲ್ಲಿ ಮುಳುಗಲಿರುವ ಹಡಗನ್ನು ಲೋಪೆ ಹತ್ತದಂತೆ ತಡೆಯುವುದು ಕಾರ್ಯಭಾರ. ಬಿಕ್ತೋರ್ ಕ್ಲಾಬಿಹೊ ಅವರ ಅಭಿನಯ ಮೋಹಕವಾಗಿದೆ, ಮತ್ತು ಲೋಪೆ ಎಂಥ ರಸಿಕನಾಗಿದ್ದ, ಎಷ್ಟು ಆತ್ಮವಿಶ್ವಾಸಿಯಾಗಿದ್ದ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ಸಮಸ್ಯೆ ಏನೆಂದರೆ ಅಷ್ಟೇ ಉಳಿಯುತ್ತದೆ. ಅವನು ನೌಕಾಪಡೆಯಲ್ಲಿ ಹೋದನೆಂಬುದಕ್ಕೆ ಮುಖ್ಯ ಆಧಾರ ಅವನ ಸ್ವಂತ ಮಾತುಗಳೇ, ಅದನ್ನು ಅನುಮಾನಿಸಿದ ವಿದ್ವಾಂಸರೂ ಇದ್ದಾರೆ. ಆದರೆ ನನ್ನ ಆಕ್ಷೇಪ ಇತಿಹಾಸದ ನಿಖರತೆಯ ಕುರಿತಾದದ್ದಲ್ಲ. ಲೋಪೆ ಎಂದರೆ ಪದ್ಯ. ‘ಫುವೆಂತೆಓಬೆಹೂನಾ’ದಲ್ಲಿ ಊರಿಗೆ ಊರೇ ತಪ್ಪೊಪ್ಪಿಕೊಳ್ಳುವ ದೃಶ್ಯದ ಬಲವಿರುವುದು ಪ್ರಶ್ನೋತ್ತರವಾಗಿ ಬಡಿದುಕೊಳ್ಳುವ ಎಂಟಕ್ಷರದ ಸಾಲುಗಳಲ್ಲಿ, ನಾಟಕದ ಯಾವ ಸನ್ನಿವೇಶಕ್ಕೆ ಯಾವ ಛಂದಸ್ಸು ತಕ್ಕದ್ದು ಎಂಬುದನ್ನು ಅವನು 1609ರ ತನ್ನ ‘ಆರ್ತೆ ನುವೆವೊ’ ಎಂಬ ಪದ್ಯಪ್ರಬಂಧದಲ್ಲಿಯೇ ಹೇಳಿದ್ದಾನೆ. ಈ ಸಂಗೀತವನ್ನು ಕೇಳಿಸದೆ ಲೋಪೆಯನ್ನು ಪರಿಚಯಿಸಿದರೆ ಪರಿಚಯವಾಗುವುದು ಒಬ್ಬ ಪ್ರಸಿದ್ಧ ವ್ಯಕ್ತಿ ಮಾತ್ರ.

ಈ ಕೊರತೆಗೆ ಮದ್ದು ಬೇರೊಂದು ಜನಪ್ರಿಯ ಮಾಧ್ಯಮದಲ್ಲಿಯೇ ಇದೆ. ಪಿಲಾರ್ ಮಿರೊ ನಿರ್ದೇಶಿಸಿದ 1996ರ ಚಲನಚಿತ್ರ ‘ಎಲ್ ಪೆರ್ರೊ ದೆಲ್ ಓರ್ತೆಲಾನೊ’ ಲೋಪೆಯ ನಾಟಕವನ್ನು ಪದ್ಯದಲ್ಲಿಯೇ ಉಳಿಸಿಕೊಂಡು ಏಳು ಗೋಯಾ ಪ್ರಶಸ್ತಿಗಳನ್ನು ಪಡೆಯಿತು. ಎಮ್ಮಾ ಸುವಾರೆಸ್ ಮತ್ತು ಕಾರ್ಮೆಲೊ ಗೋಮೆಸ್ ಆ ಸಾಲುಗಳನ್ನು ಬಾಯಿಪಾಠದ ಹಾಗೆ ಒಪ್ಪಿಸುವುದಿಲ್ಲ, ಮಾತನಾಡುತ್ತಾರೆ. ಪ್ರಾಸ ಕಿವಿಗೆ ಬೀಳುತ್ತದೆ, ಆದರೆ ಅರ್ಥಕ್ಕೆ ಅಡ್ಡ ಬರುವುದಿಲ್ಲ. ಕುಮಾರವ್ಯಾಸನನ್ನು ಗಮಕಿಯ ಬಾಯಲ್ಲಿ ಕೇಳಿದವರಿಗೆ ಈ ಅನುಭವದ ಬೆಲೆ ಗೊತ್ತಿರುತ್ತದೆ. ಲೋಪೆಗಾಗಿ ಮೀಸಲಿಡುವ ಸಮಯ ಒಂದೇ ತರಗತಿಯಾದರೆ ಧಾರಾವಾಹಿಯನ್ನು ಬಿಟ್ಟು ಈ ಚಿತ್ರದ ಇಪ್ಪತ್ತು ನಿಮಿಷಗಳನ್ನು ತೋರಿಸಬೇಕು. 1979ರ ‘ದೋನ್ ಕಿಹೋತೆ’ ಆ್ಯನಿಮೇಷನ್ ಸರಣಿಯನ್ನು ಮಕ್ಕಳಿಗೆ ತೋರಿಸುವವರಿದ್ದಾರೆ. ಕಥೆಯ ಎಳೆ ತಿಳಿಯಲು ಅದು ಸಾಕು, ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಕಾಗಿಲ್ಲ.

ಎರಡನೆಯ ಆವೃತ್ತಿ ಎಲ್ ಸಿದ್ ಎಂದು ಹೆಸರಾದ ಮಧ್ಯಯುಗದ ಯೋಧನ ಕಂತಿನಿಂದ ಆರಂಭವಾಗುತ್ತದೆ. ಅದು ದಂತಕಥೆ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ‘ಕಾಂತಾರ್ ದೆ ಮಿಯೊ ಸಿದ್’ ಎಂಬ ಕಾವ್ಯದ ಬಳಿಗೆ ಹೋಗುವುದು ಕಡಿಮೆ. 1099ರಲ್ಲಿ ವಲೆನ್ಸಿಯಾದಲ್ಲಿ ತೀರಿಕೊಂಡ ರೋದ್ರೀಗೊ ದೀಯಾಸ್‌ನ, ಅಂದರೆ ಇದೇ ಸಿದ್‌ನ, ಕುರಿತ ಈ ಕಾವ್ಯ ನಮಗೆ ಬಂದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. ಅದು ಈಗ ಸ್ಪೇನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, ಮತ್ತು ಅದರ ಮೊದಲ ಹಾಳೆ ಕಳೆದುಹೋಗಿದೆ. ಹೀಗೆ ಕಳೆದುಹೋದದ್ದರಿಂದಲೇ ಕಾವ್ಯ ಇಂದು ಆರಂಭವಾಗುವುದು ಗಡೀಪಾರಾದ ಸಿದ್ ಕಣ್ಣೀರು ಸುರಿಸುತ್ತ ಹಿಂದಿರುಗಿ ತನ್ನ ಮನೆಯ ಬೀಗವಿಲ್ಲದ, ತೆರೆದು ಬಿದ್ದ ಬಾಗಿಲುಗಳನ್ನು ನೋಡುವ ಸಾಲುಗಳಿಂದ. ಬಾಗಿಲುಗಳ ಮೇಲೆಯೇ ನಿಂತ ಧಾರಾವಾಹಿಯೊಂದಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ದೊರೆಯುತ್ತಿತ್ತೇ ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಸತ್ತ ಮೇಲೂ ಕುದುರೆಯ ಮೇಲೆ ಕೂರಿಸಿ ಯುದ್ಧ ಗೆಲ್ಲಿಸಿದ ಪ್ರಸಿದ್ಧ ಪ್ರಸಂಗ ಈ ಕಾವ್ಯದಲ್ಲಿ ಇಲ್ಲವೆಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ಅದು ಮುಂದಿನ ದಂತಕಥೆಯ ಪಾಲು.

ಮೂರನೆಯ ಆವೃತ್ತಿಯ ‘ತಿಯೆಂಪೊ ದೆ ಎಚೀಸೋಸ್’ ಕವಿ ಗುಸ್ತಾವೊ ಅದೋಲ್ಫೊ ಬೆಕೆರ್‌ನನ್ನು ಮಾಟಗಾತಿಯರ ಕಥೆಯೊಂದರೊಳಗೆ ತರುತ್ತದೆ. ಬೆಕೆರ್ ಆರಗೋನ್ ಪ್ರಾಂತದ ಬೆರುವೇಲಾ ಮಠದಲ್ಲಿ ತಂಗಿದ್ದು, 1864ರಲ್ಲಿ ‘ಎಲ್ ಕೊಂತೆಂಪೊರಾನೆಯೊ’ ಪತ್ರಿಕೆಗೆ ಬರೆದ ಪತ್ರಗಳಲ್ಲಿ ಪಕ್ಕದ ತ್ರಾಸ್ಮೋಸ್ ಊರಿನ ಮಾಟಗಾತಿಯರ ಸುದ್ದಿ ಇದೆ, ಆದ್ದರಿಂದ ವಾತಾವರಣ ನಿರಾಧಾರವಲ್ಲ. ಕಂತು ಸಾಧಾರಣವಾದದ್ದು. ಆದರೂ ಅದನ್ನು ನೆಪವಾಗಿಟ್ಟುಕೊಂಡು ಹೇಳಲೇಬೇಕಾದ ಒಂದು ಸಂಗತಿಯಿದೆ: ಬೆಕೆರ್‌ನ ಕವಿತೆಗಳ ಹಸ್ತಪ್ರತಿ 1868ರ ಕ್ರಾಂತಿಯ ಗಲಭೆಯಲ್ಲಿ ಕಳೆದುಹೋಯಿತು; ಅವನು ಅವುಗಳನ್ನು ನೆನಪಿನಿಂದ ಒಂದು ಲೆಕ್ಕದ ಪುಸ್ತಕದಲ್ಲಿ ಮತ್ತೆ ಬರೆದ; 1870ರಲ್ಲಿ ಅವನು ತೀರಿಕೊಂಡ ಮೇಲೆ, 1871ರಲ್ಲಿ, ಗೆಳೆಯರು ಅವನ್ನು ಪ್ರಕಟಿಸಿದರು. ಇಂದು ಸ್ಪ್ಯಾನಿಷ್ ಬಲ್ಲವರೆಲ್ಲರ ನಾಲಿಗೆಯ ಮೇಲಿರುವ ಆ ಕವಿತೆಗಳು ಒಬ್ಬ ಮನುಷ್ಯನ ಜ್ಞಾಪಕಶಕ್ತಿಯ ಬಲದಿಂದ ಉಳಿದವು.

ಕವಿ, ನಾಟಕಕಾರ ಲೋರ್ಕಾನ ಕುರಿತಾಗಿ ಬರೆಯುವಾಗ ಕೈ ತಾನಾಗಿ ನಿಧಾನವಾಗುತ್ತದೆ. ಮೊದಲ ಆವೃತ್ತಿಯ ಕೊನೆಯ ಕಂತು ‘ಲಾ ಲೆಯೆಂದಾ ದೆಲ್ ತಿಯೆಂಪೊ’ ನಮ್ಮನ್ನು 1924ಕ್ಕೆ, ಮ್ಯಾಡ್ರಿಡ್‌ನ ರೆಸಿದೆನ್ಸಿಯಾ ದೆ ಎಸ್ತುದಿಯಾಂತೆಸ್ ಎಂಬ ವಿದ್ಯಾರ್ಥಿ ನಿಲಯಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಲೋರ್ಕಾ, ಮುಂದೆ ಚಿತ್ರಕಾರನಾಗಿ ಹೆಸರಾದ ದಾಲಿ, ಚಲನಚಿತ್ರ ನಿರ್ದೇಶಕನಾಗಿ ಹೆಸರಾದ ಬುನ್ಯುಯೆಲ್ ಮೂವರೂ ಯುವಕರು. ಆಂಹೆಲ್ ರುಯಿಸ್ ಅವರ ಲೋರ್ಕಾ ನಗುತ್ತ, ಹಾಡುತ್ತ ಇರುವಾಗ ನೋಡುವವರಿಗೆಲ್ಲ 1936ರ ಆಗಸ್ಟ್‌ನಲ್ಲಿ ಅವನನ್ನು ಕೊಲ್ಲಲಾಯಿತು ಎಂಬುದು ಗೊತ್ತಿರುತ್ತದೆ. ಹೂಲಿಯಾನ್‌ಗೂ ಗೊತ್ತಿರುತ್ತದೆ, ಆದರೆ ಗತವನ್ನು ಬದಲಿಸಬಾರದೆಂಬ ಸಚಿವಾಲಯದ ನಿಯಮ ಅವನ ಬಾಯಿ ಕಟ್ಟಿದೆ. ಉಳಿದ ಕಂತುಗಳಲ್ಲಿ ಸಮಾಧಾನ ಕೊಡುತ್ತಿದ್ದ ನಿಯಮವೇ ಇಲ್ಲಿ ಕ್ರೂರವಾಗುತ್ತದೆ. 2020ರ ನಾಲ್ಕನೆಯ ಆವೃತ್ತಿಯಲ್ಲಿ ಲೋರ್ಕಾ 1979ಕ್ಕೆ ಬಂದು, ಗಾಯಕ ಕಮರೋನ್ ದೆ ಲಾ ಇಸ್ಲಾ ತನ್ನದೇ (ಲೋರ್ಕಾನ) ಸಾಲುಗಳನ್ನು ಫ್ಲಮೆಂಕೊ ಆಗಿ ಹಾಡುವುದನ್ನು ಕೇಳುತ್ತಾನೆ. ಇಷ್ಟು ವರ್ಷಗಳ ನಂತರವೂ ಜನ ತನ್ನನ್ನು ನೆನೆಯುವುದಾದರೆ ಗೆದ್ದದ್ದು ತಾನು, ಕೊಂದವರಲ್ಲ ಎಂದುಕೊಳ್ಳುತ್ತಾನೆ. ಸ್ಪೇನಿನಲ್ಲಿ ಈ ದೃಶ್ಯ ವ್ಯಾಪಕವಾಗಿ ಹಂಚಿಕೆಯಾಯಿತು, ಮತ್ತು ಅದಕ್ಕೆ ಅದು ಯೋಗ್ಯವಾಗಿತ್ತು.

ತರಗತಿಯ ದೃಷ್ಟಿಯಿಂದ ಈ ದೃಶ್ಯದ ಹೆಚ್ಚುಗಾರಿಕೆ ಎಂದರೆ ಅದು ನೇರವಾಗಿ ಒಂದು ಪುಟಕ್ಕೆ ತೆರೆದುಕೊಳ್ಳುತ್ತದೆ. ಕಮರೋನ್‌ನ 1979ರ ಆ ಹಾಡಿನ ಸಾಲುಗಳು ಲೋರ್ಕಾ 1931ರಲ್ಲಿ ಬರೆದ ‘ಆಸೀ ಕೆ ಪಾಸೆನ್ ಸಿಂಕೊ ಆನ್ಯೋಸ್’ ನಾಟಕದ ಮೂರನೆಯ ಅಂಕದ ಆರಂಭದಲ್ಲಿ ವಿದೂಷಕ ವೇಷದವನು ಹೇಳುವವು: ಕನಸು ಕಾಲದ ಮೇಲೆ ಹಾಯಿದೋಣಿಯಂತೆ ತೇಲುತ್ತದೆ ಎಂಬ ಸಾಲುಗಳು. ದೃಶ್ಯ, ಹಾಡು, ನಾಟಕದ ಪುಟ, ಈ ಮೂರನ್ನೂ ಒಂದೇ ತರಗತಿಯ ಅವಧಿಯಲ್ಲಿ ಒಟ್ಟಿಗೆ ಇಡಬಹುದು. ಕಷ್ಟವಾದ, ರಂಗದ ಮೇಲೆ ಅಪರೂಪವಾದ ನಾಟಕವೊಂದರ ಬಾಗಿಲಿಗೆ ಕಲಿಕೆದಾರರನ್ನು ಇಷ್ಟು ಸಹಜವಾಗಿ ತಂದು ನಿಲ್ಲಿಸುವ ದಾರಿ ಬೇರೆ ಇಲ್ಲ.

ಎರಡು ಕೊರತೆಗಳನ್ನು ಹೇಳದೆ ಇರಲಾಗದು. ನಾನು ಇಲ್ಲಿ ಚರ್ಚಿಸಿದ ಕಂತುಗಳಲ್ಲಿ ಕೇಂದ್ರದಲ್ಲಿರುವ ಬರಹಗಾರರೆಲ್ಲ ಗಂಡಸರು. ಅಮೇಲಿಯಾಳಂಥ ಓದುಗಾರ್ತಿಯನ್ನು ಸೃಷ್ಟಿಸಿದವರು ಅವಳು ಓದಬಹುದಾಗಿದ್ದ ಮಾರಿಯಾ ದೆ ಸಾಯಾಸ್‌ಳನ್ನು ಈ ಸಾಲಿಗೆ ತಂದಿದ್ದರೆ ಎಷ್ಟು ಚೆನ್ನಾಗಿತ್ತು! ಸಾಯಾಸ್‌ಳ ಮೊದಲ ಕಥಾಸಂಕಲನ 1637ರದು, ಮತ್ತು ಹೆಣ್ಣಿಗೆ ಪುಸ್ತಕ ಕೊಡದೆ ಆಕೆಯನ್ನು ಅಜ್ಞಾನಿ ಎನ್ನುವುದು ಯಾವ ನ್ಯಾಯ ಎಂಬ ಪ್ರಶ್ನೆಯನ್ನು ಅದರ ಮುನ್ನುಡಿಯಲ್ಲಿಯೇ ಆಕೆ ಎತ್ತಿದ್ದಾಳೆ. ಅಧ್ಯಾಪಕರು ಆ ಮುನ್ನುಡಿಯನ್ನು ತಾವೇ ಸೇರಿಸಿಕೊಳ್ಳಬೇಕು. ಎರಡನೆಯದು, ಇತಿಹಾಸ ಇದ್ದ ಹಾಗೆಯೇ ಇರಬೇಕೆಂಬ ಧಾರಾವಾಹಿಯ ಮೂಲ ನಿಯಮವನ್ನು ಸಾಹಿತ್ಯಕ್ಕೆ ಅನ್ವಯಿಸಿದಾಗ, ಪಠ್ಯಪುಸ್ತಕದಲ್ಲಿ ಈಗಾಗಲೇ ಇರುವ ಹೆಸರುಗಳೇ ಉಳಿಯಲು ಯೋಗ್ಯವಾದವು ಎಂಬ ಭಾವನೆ ಮೂಡುವ ಅಪಾಯವಿದೆ. ಹೆಸರಿಲ್ಲದ ಕರ್ತೃವಿನ ‘ಲಾಸಾರಿಯೊ’ ಕೃತಿಯನ್ನು ಮೊದಲು ಕಲಿಸಬೇಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಬಳಸಲು ಹೊರಡುವವರಿಗೆ ಕೆಲವು ವ್ಯಾವಹಾರಿಕ ವಿವರಗಳು. ಒಂದೊಂದು ಕಂತು ಸುಮಾರು ಎಪ್ಪತ್ತು ನಿಮಿಷದ್ದಾಗಿರುವುದರಿಂದ ಅದನ್ನು ಪೂರ್ತಿಯಾಗಿ ತರಗತಿಯಲ್ಲಿ ತೋರಿಸುವುದು ಸಮಯದ ದುರುಪಯೋಗ. ಮನೆಯಲ್ಲಿ ನೋಡಿ ಬರಲು ಹೇಳಿ, ತರಗತಿಯಲ್ಲಿ ಎರಡೋ ಮೂರೋ ದೃಶ್ಯಗಳನ್ನು ಪಠ್ಯದ ಪಕ್ಕದಲ್ಲಿಟ್ಟು ನೋಡುವುದು ಸರಿಯಾದ ಕ್ರಮ. ಮಾತಿನ ವೇಗ ಹೆಚ್ಚು, ಹಾಸ್ಯದಲ್ಲಿ ಸ್ಪೇನಿನ ಇತ್ತೀಚಿನ ರಾಜಕೀಯದ ಉಲ್ಲೇಖಗಳು ಸಾಕಷ್ಟಿವೆ. ಯುರೋಪಿನ ಭಾಷಾ ಮಟ್ಟದ ಲೆಕ್ಕದಲ್ಲಿ ಬಿ2 ತಲುಪದವರಿಗೆ ಸ್ಪ್ಯಾನಿಷ್ ಸಬ್‌ಟೈಟಲ್ ಇಲ್ಲದೆ ಕಷ್ಟ. ಹಿಂಸೆಯ ಮತ್ತು ಪ್ರಣಯದ ಕೆಲವು ದೃಶ್ಯಗಳಿರುವ ಕಾರಣ ಪ್ರೌಢಶಾಲೆಯ ಮಕ್ಕಳಿಗೆ ತೋರಿಸುವ ಮುನ್ನ ಅಧ್ಯಾಪಕರು ತಾವು ಪೂರ್ತಿ ನೋಡಿರಬೇಕು. ಪ್ರಸಾರ ಹಕ್ಕುಗಳು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಪಾಠದ ಯೋಜನೆ ಹಾಕುವ ಮೊದಲು ಆರ್‌ಟಿವಿಇಯ ತಾಣದಲ್ಲಿ ಬೇಕಾದ ಕಂತು ನಮ್ಮಲ್ಲಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮೂಲ ಪಠ್ಯಗಳಿಗಂತೂ ಯಾವ ಅಡಚಣೆಯೂ ಇಲ್ಲ: ಅಲಿಕಾಂತೆ ವಿಶ್ವವಿದ್ಯಾಲಯದ ಆಶ್ರಯದಲ್ಲಿ 1999ರಲ್ಲಿ ಆರಂಭವಾದ ಬಿಬ್ಲಿಯೊತೇಕಾ ಬಿರ್ತುವಾಲ್ ಮಿಗೆಲ್ ದೆ ಸೆರ್ವಾಂತೆಸ್‌ನಲ್ಲಿ ‘ಲಾಸಾರಿಯೊ’, ‘ಕಿಹೋತೆ’ ಮತ್ತು ಲೋಪೆಯ ನಾಟಕಗಳು ಉಚಿತವಾಗಿ ದೊರೆಯುತ್ತವೆ. ಒಂದೇ ಒಂದು ಪಾಠಕ್ಕೆ ಸಮಯವಿದ್ದವರು ‘ತಿಯೆಂಪೊ ದೆ ಇದಾಲ್ಗೋಸ್’ ಕಂತನ್ನೂ ‘ಕಿಹೋತೆ’ಯ ಮೊದಲ ಭಾಗದ ಒಂಬತ್ತನೆಯ ಅಧ್ಯಾಯವನ್ನೂ ಆರಿಸಿಕೊಳ್ಳಲಿ; ಎರಡು ಪಾಠಗಳಿಗೆ ಸಮಯವಿದ್ದರೆ ಅದಕ್ಕಿಂತ ಮುಂಚೆ ಸಲಾಮಾಂಕಾದ ಹುಡುಗನಿಂದ ಆರಂಭಿಸಲಿ.